ವೀಲ್‌ಚೇರ್‌ನಲ್ಲಿರುವವರಿಗೆ ಕೇಳದೆಯೇ ಸಹಾಯ ಮಾಡಬಹುದೇ?

ಪ್ರಶ್ನೆ: ವೀಲ್‌ಚೇರ್‌ನಲ್ಲಿರುವವರು ದಾರಿಯಲ್ಲಿ ಕಷ್ಟಪಡುತ್ತಿದ್ದರೆ ಹೋಗಿ ತಳ್ಳಿಬಿಡೋಣ ಎನಿಸುತ್ತದೆ. ಕೇಳಿದರೆ ಎಲ್ಲಿ ಬೇಸರಪಟ್ಟುಕೊಳ್ಳುತ್ತಾರೋ ಎಂಬ ಅಳುಕೂ ಇದೆ. ಏನು ಮಾಡುವುದು ಸರಿ?

ಉತ್ತರ: ಧಾರಾಳವಾಗಿ ಕೇಳಿ. ಕೇಳದೆ ಕೈ ಹಾಕಿದರೆ ಬೇಸರವಲ್ಲ, ಪೆಟ್ಟೇ ಆದೀತು. ಕುಳಿತವರ ಕೈ ಚಕ್ರದ ಮೇಲಿರುವಾಗ ಹಿಂದಿನಿಂದ ಯಾರೋ ನೂಕಿದರೆ ಬೆರಳು ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಪುಟ್ಟ ಗಾಲಿ ಬೆರಳಗಲದ ಅಂಚಿಗೆ ತಗುಲಿದರೂ ಸಾಕು, ಕುರ್ಚಿ ಗಕ್ಕನೆ ನಿಂತು ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಉತ್ಸಾಹಿಗಳಿಬ್ಬರು ಅಕ್ಕಪಕ್ಕ ನಿಂತು ಕೈಯಿಡುವ ಜಾಗವನ್ನೇ ಹಿಡಿದೆತ್ತುವುದಂತೂ ಬೇಡವೇ ಬೇಡ. ಎಷ್ಟೋ ಕುರ್ಚಿಗಳಲ್ಲಿ ಅದು ಕಳಚಿ ಬರುವಂತೆಯೇ ಇರುತ್ತದೆ. ಊರುಗೋಲು ಹಿಡಿದವರ ತೋಳಿಗೆ ಕೈ ಹಾಕುವುದೂ ಅಷ್ಟೇ ಅಪಾಯ, ಏಕೆಂದರೆ ಮೈಭಾರವೆಲ್ಲ ಇರುವುದು ಆ ತೋಳಿನ ಮೇಲೆಯೇ. ಇನ್ನು ಕೆಲವರು, ಕುಳಿತವರ ಊರುಗೋಲು ಓಡಾಡುವವರಿಗೆ ಅಡ್ಡವಾಯಿತೆಂದು ಎದುರಿನ ಗೋಡೆಗೆ ಒರಗಿಸಿಟ್ಟು ಹೋಗುತ್ತಾರೆ. ಅಲ್ಲಿಗೆ ಹೋಗಿ ತರಲು ಬೇಕಾದದ್ದೂ ಅದೇ ಊರುಗೋಲು!

"ಬೇಡ" ಎಂದರೆ ಅಲ್ಲಿಗೇ ಬಿಡಿ, ಅದನ್ನು ಸೊಕ್ಕು ಎಂದುಕೊಳ್ಳಬೇಡಿ. "ಹೂಂ" ಎಂದರೆ, ಹೇಗೆ ಎಂದು ಇನ್ನೊಂದು ಮಾತು ಕೇಳಿ. ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ತಿರುಗಿಸಿ ಹಿಮ್ಮುಖವಾಗಿ ಇಳಿಸಿ ಎನ್ನಬಹುದು. ಹಾಗೆಯೇ ಮಾಡಿ, ಆ ಕುರ್ಚಿಯ ಮರ್ಮ ಅವರಿಗೆ ಗೊತ್ತಿದೆ. ಕೇಳುವುದೂ ಅವರನ್ನೇ. ಎದುರಿಗಿರುವವರನ್ನು ಬಿಟ್ಟು ಜೊತೆಗೆ ಬಂದವರತ್ತ ತಿರುಗಿ "ಇವರಿಗೆ ಏನು ಬೇಕಂತೆ?" ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ.

ಕನಿಕರದ ಹಾಗೆಯೇ ಅತಿಹೊಗಳಿಕೆಯೂ ಮುಜುಗರ ತರುತ್ತದೆ. ವೀಲ್‌ಚೇರ್‌ನಲ್ಲೇ ಬದುಕಿದ ಆಸ್ಟ್ರೇಲಿಯಾದ ಹಾಸ್ಯ ಕಲಾವಿದೆ ಸ್ಟೆಲ್ಲಾ ಯಂಗ್ 2014ರ ಭಾಷಣವೊಂದರಲ್ಲಿ ತಮಾಷೆಯ ಪ್ರಸಂಗ ಹೇಳಿದ್ದರು. ಅವರಿಗೆ 15 ವರ್ಷವಾಗಿದ್ದಾಗ ಊರಿನವರೊಬ್ಬರು ಸಾಧನೆಯ ಪ್ರಶಸ್ತಿಗೆ ಅವರ ಹೆಸರು ಸೂಚಿಸಲು ಬಂದರಂತೆ. "ಬಹಳ ಸಂತೋಷ, ಆದರೆ ಇವಳು ಇನ್ನೂ ಏನನ್ನೂ ಸಾಧಿಸಿಲ್ಲವಲ್ಲ" ಎಂದರಂತೆ ಅಪ್ಪ ಅಮ್ಮ. ಶಾಲೆಗೆ ಹೋಗುವುದು, ಸ್ನೇಹಿತರೊಡನೆ ಕಾಲ ಕಳೆಯುವುದೂ ಸಾಧನೆಯೆನಿಸಿದರೆ, ಆ ಹುಡುಗಿಯಿಂದ ಜನ ನಿರೀಕ್ಷಿಸಿದ್ದಾದರೂ ಎಷ್ಟು?

ಅಷ್ಟಕ್ಕೂ ಅವರು ದಾರಿಯಲ್ಲಿ ಕಷ್ಟಪಡಬೇಕಾಗಿ ಬಂದದ್ದು ಏಕೆ? ದೇಹದ ಕೊರತೆಗಿಂತ ಹೆಚ್ಚಾಗಿ ಸಮಾಜದ ಏರ್ಪಾಡೇ ತಮ್ಮನ್ನು ಅಶಕ್ತರನ್ನಾಗಿಸುತ್ತಿದೆ ಎಂದು ಬ್ರಿಟನ್ನಿನ ಅಂಗವಿಕಲರ ಸಂಘಟನೆಯೊಂದು 1976ರಲ್ಲೇ ವಾದಿಸಿತ್ತು. ಕಟ್ಟಡದ ಬಾಗಿಲಲ್ಲಿ ನಿಂತರೆ ಈ ಮಾತು ಕಣ್ಣಿಗೇ ಕಾಣುತ್ತದೆ. ರ‍್ಯಾಂಪ್ ಒಂದು ಅಡಿ ಏರಬೇಕಾದರೆ 12 ಅಡಿ ಉದ್ದ ಇರಬೇಕು ಎಂಬುದು ಹಲವು ಕಡೆ ಒಪ್ಪಿತವಾದ ಲೆಕ್ಕ. ಅಂದರೆ ಅರ್ಧ ಅಡಿಯ ಒಂದೇ ಮೆಟ್ಟಿಲಿಗೂ ಆರು ಅಡಿ. ಜಾಗವಿಲ್ಲವೆಂದು ಎರಡೇ ಅಡಿಗೆ ಮುಗಿಸಿದರೆ ತಾನೇ ಚಕ್ರ ತಿರುಗಿಸಿಕೊಂಡು ಒಳಗೆ ಹೋಗಬಲ್ಲವರೂ ತಳ್ಳುವವರಿಗಾಗಿ ಕಾಯಬೇಕಾಗುತ್ತದೆ. ಇನ್ನು ಸರಿಯಾಗಿ ಕಟ್ಟಿದ ರ‍್ಯಾಂಪಿನ ಬುಡದಲ್ಲೇ ಯಾರೋ ಬೈಕ್ ನಿಲ್ಲಿಸಿ ಹೋಗಿದ್ದರೆ, ಆ ಆರು ಅಡಿಯೂ ದಂಡ.