ರಷ್ಯಾದಲ್ಲಿ ದಂಡು ತಡೆದದ್ದು ಹಿಮವೋ, ಕೆಸರೋ?

ರಷ್ಯಾದ ಮೇಲೆ ದಂಡೆತ್ತಿ ಹೋದವರನ್ನೆಲ್ಲ ಚಳಿಯೇ ಸೋಲಿಸಿತು ಎಂಬ ಮಾತು ಬಹಳ ಹಳೆಯದು, ಅರ್ಧ ಮಾತ್ರ ನಿಜ. 1237ರಲ್ಲಿ ಬಾತು ಖಾನನ ಮಂಗೋಲ್ ಪಡೆ ಚಳಿಗಾಲದಲ್ಲೇ ನುಗ್ಗಿತು. ಹೆಪ್ಪುಗಟ್ಟಿದ ನದಿಗಳೇ ಅದಕ್ಕೆ ರಸ್ತೆ. ರಿಯಾಜಾನ್, ವ್ಲಾದಿಮಿರ್ ನಗರಗಳು ಆ ಚಳಿಯಲ್ಲೇ ಬಿದ್ದವು. ನೊವ್ಗೊರೊದ್‌ನತ್ತ ಹೊರಟಿದ್ದ ಪಡೆ ಮಾತ್ರ 1238ರ ಮಾರ್ಚ್‌ನಲ್ಲಿ ಊರು ಮುಟ್ಟದೆ ತಿರುಗಿತು. ಹಿಮ ಕರಗಿ ದಾರಿ ಜೌಗಾಗುವ ಭಯವೇ ಕಾರಣ ಎಂದು ಅನೇಕ ಇತಿಹಾಸಕಾರರು ಹೇಳುತ್ತಾರೆ.

ಈ ಕೆಸರಿನ ಕಾಲಕ್ಕೆ ಅಲ್ಲಿನವರು ರಸ್ಪುತಿತ್ಸ ಎನ್ನುತ್ತಾರೆ. ಶರತ್ಕಾಲದ ಮಳೆಗೆ ಒಮ್ಮೆ, ವಸಂತದಲ್ಲಿ ಹಿಮ ಕರಗಿದಾಗ ಇನ್ನೊಮ್ಮೆ ಬರುತ್ತದೆ. ನೆಲ ಸಪಾಟಾದ್ದರಿಂದ ನೀರು ಹರಿದುಹೋಗದು. ವಸಂತದಲ್ಲಿ ಮೇಲ್ಪದರ ಕರಗಿದರೂ ಅಡಿಯ ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿರುವುದರಿಂದ ಇಂಗಲೂ ದಾರಿಯಿಲ್ಲ. ಮಣ್ಣುರಸ್ತೆಯಲ್ಲಿ ಮೊದಲ ಹತ್ತು ಗಾಡಿಗಳು ಹೇಗೋ ದಾಟುತ್ತವೆ. ಅವು ಕಡೆದ ಕೆಸರಿನಲ್ಲಿ ಹಿಂದಿನವು ಅಚ್ಚಿನವರೆಗೆ ಹೂತುಕೊಳ್ಳುತ್ತವೆ.

ನೆಪೋಲಿಯನ್ 1812ರ ಜೂನ್ 24ರಂದು ರಷ್ಯಾದ ಗಡಿಯ ನೇಮನ್ ನದಿ ದಾಟಿದ. ಕುದುರೆಯೊಂದಕ್ಕೆ ದಿನಕ್ಕೆ ಸುಮಾರು 10 ಕೆ.ಜಿ. ಮೇವು ಬೇಕು. ಅಷ್ಟನ್ನೂ ಹೊತ್ತೊಯ್ಯಲಾಗದೆ, ದಾರಿಯ ಹೊಲಗಳಲ್ಲಿ ಹಸಿರು ರೈ ಬೆಳೆ ಮೇಯಿಸಿದರು. ಅದನ್ನು ತಿಂದು ಹೊಟ್ಟೆಶೂಲೆ ಬಂದು, ಮೇಲೆ ಬಿರುಮಳೆಯೂ ಸುರಿದು, ಆರಂಭದ ದಿನಗಳಲ್ಲೇ ಸಾವಿರಾರು ಕುದುರೆಗಳು ಸತ್ತವು. ಕುದುರೆ ಹೋದಂತೆ ಹಿಟ್ಟಿನ ಗಾಡಿಯೂ ಹಿಂದುಳಿಯಿತು. ಬೇಸಿಗೆಯ ಸುಡುಬಿಸಿಲು, ಕೆಟ್ಟ ನೀರು, ಭೇದಿ, ಟೈಫಸ್ ಉಳಿದ ಕೆಲಸ ಮಾಡಿದವು. ಈ ದಂಡಯಾತ್ರೆಯನ್ನು ಚಿತ್ರಿಸಿದ ಫ್ರೆಂಚ್ ಎಂಜಿನಿಯರ್ ಮಿನಾರ್‌ನ ಹೆಸರಾಂತ ನಕ್ಷೆಯಲ್ಲಿ ನದಿ ದಾಟಿದವರು 4,22,000, ಮಾಸ್ಕೋ ತಲುಪಿದವರು 1,00,000. ದಾರಿ ಕಾಯಲು ಬಿಟ್ಟವರು, ಓಡಿಹೋದವರು ಈ ಅಂತರದಲ್ಲಿ ಸೇರಿದ್ದಾರೆ, ನಿಜ. ಆದರೂ ಆ ಹೊತ್ತಿಗೆ ಒಂದು ಹನಿ ಹಿಮವೂ ಬಿದ್ದಿರಲಿಲ್ಲ.

ಅಕ್ಟೋಬರ್ 19ರಂದು ಹಿಂದಿರುಗುವಾಗ ಚಳಿಯ ಸರದಿ. ಹೆಚ್ಚಿನ ಕುದುರೆಗಳ ಲಾಳಕ್ಕೆ ಮಂಜುಗಡ್ಡೆ ಕಚ್ಚುವ ಮೊಳೆಗಳಿರಲಿಲ್ಲ. ಇಳಿಜಾರಿನಲ್ಲಿ ಜಾರಿ ಬಿದ್ದದ್ದು ಏಳಲಿಲ್ಲ, ಅದು ಎಳೆಯುತ್ತಿದ್ದ ಫಿರಂಗಿಯನ್ನು ಅಲ್ಲೇ ಬಿಡಬೇಕಾಯಿತು. ನವೆಂಬರ್ ಕೊನೆಗೆ ಬೆರೆಜಿನಾ ನದಿಯಲ್ಲಾದದ್ದು ಇದಕ್ಕೆ ತದ್ವಿರುದ್ಧ. ಹೆಪ್ಪುಗಟ್ಟಿದ್ದರೆ ನಡೆದೇ ದಾಟಬಹುದಿತ್ತು. ನಡುವೆ ಚಳಿ ತಗ್ಗಿ ಮಂಜು ಕರಗಿ ನೀರು ತೇಲುಗಡ್ಡೆಗಳೊಂದಿಗೆ ಹರಿಯುತ್ತಿತ್ತು. ಜನರಲ್ ಎಬ್ಲೆಯ ಸೇತುವೆಪಡೆಯವರು ಆ ಕೊರೆಯುವ ನೀರಿಗಿಳಿದು ಎರಡು ಸೇತುವೆ ಕಟ್ಟಿದರು. ಚಳಿ ಸಾಲದೆ ಹೋದದ್ದೂ ಶಾಪವೇ ಆಯಿತು.

1941ರಲ್ಲಿ, ಯಂತ್ರಗಳು ಬಂದಿದ್ದರೂ, ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿ ಹೋದ ಜರ್ಮನ್ ಸೇನೆಯ ಜೊತೆಗೆ ಸುಮಾರು 6 ಲಕ್ಷ ಕುದುರೆಗಳಿದ್ದವು. ಸೋವಿಯತ್ ರೈಲುಹಳಿ ಜರ್ಮನ್ನರ 1,435 ಮಿ.ಮೀ.ಗಿಂತ ಸುಮಾರು 9 ಸೆಂ.ಮೀ. ಅಗಲ. ಮುನ್ನಡೆದಷ್ಟೂ ಹಳಿ ಸರಿಸಿ ಕೂರಿಸಬೇಕಿತ್ತು. ಅಕ್ಟೋಬರ್ ಆರಂಭದಲ್ಲಿ ಮಾಸ್ಕೋ ಮೇಲಿನ ದಾಳಿ ಶುರುವಾಗಿ ಕೆಲ ದಿನಕ್ಕೇ ಮಳೆ ಹಿಡಿಯಿತು, ಲಾರಿಗಳು ನಿಂತವು. ನವೆಂಬರ್ ಮಧ್ಯದಲ್ಲಿ ನೆಲ ಗಟ್ಟಿಯಾದಾಗ ಜರ್ಮನ್ ಸೇನಾಧಿಕಾರಿಗಳಿಗೆ ಅದು ಸಮಾಧಾನದ ಸಂಗತಿಯಾಗಿತ್ತು, ಟ್ಯಾಂಕುಗಳು ಮತ್ತೆ ಹೊರಟವು. ಆದರೆ ಪಾದರಸ ಇನ್ನೂ ಇಳಿಯಿತು. ಜರ್ಮನ್ ಉಗಿಬಂಡಿಗಳ ನೀರಿನ ಕೊಳವೆಗಳು ಬಾಯ್ಲರಿನ ಹೊರಗಿದ್ದವು, ಹೆಪ್ಪುಗಟ್ಟಿ ಒಡೆದವು. ರೈಲು ಸಾಲದಾದಾಗ ಮದ್ದುಗುಂಡು, ಇಂಧನಕ್ಕೆ ಮೊದಲ ಜಾಗ ಸಿಕ್ಕಿ, ಉಣ್ಣೆಯ ಬಟ್ಟೆ ಹಿಂದಿನ ಉಗ್ರಾಣಗಳಲ್ಲೇ ಉಳಿಯಿತು. ಡಿಸೆಂಬರ್ 5ರಂದು ಸೋವಿಯತ್ ಪ್ರತಿದಾಳಿ ಆರಂಭವಾಯಿತು.

2022ರ ಫೆಬ್ರವರಿಯಲ್ಲಿ ಉಕ್ರೇನ್ ಗಡಿ ದಾಟಿದ ರಷ್ಯನ್ನರಿಗೂ ಇದೇ ಮಣ್ಣು ಎದುರಾಯಿತು. ಹೊಲಕ್ಕಿಳಿದ ವಾಹನಗಳು ಹೂತುಕೊಂಡು, ಪಡೆಗಳು ಡಾಂಬರು ರಸ್ತೆಗಳಿಗೇ ಅಂಟಿಕೊಂಡವು. ಕೀವ್‌ನ ಉತ್ತರಕ್ಕೆ ಉಕ್ರೇನಿಯನ್ನರು ಅಣೆಕಟ್ಟೆಯ ನೀರನ್ನು ಇರ್ಪಿನ್ ನದಿಯ ಬಯಲಿಗೆ ಬಿಟ್ಟರು. ರಾಜಧಾನಿಯತ್ತ ಬರುವ ದಾರಿ ಜೌಗಾಯಿತು, ಅದರೊಂದಿಗೆ ದೆಮಿದಿವ್ ಹಳ್ಳಿಯ ಮನೆ ತೋಟಗಳೂ ಮುಳುಗಿದವು.