ಮೂರು ಹೆಣ್ಣಾದ ಮೇಲೆ ನಾಲ್ಕನೆಯದು ಗಂಡೇ ಆಗಬೇಕಲ್ಲವೇ?

ಆಗಬೇಕಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ, ಆದ್ದರಿಂದ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣು ಎಕ್ಸ್ ವರ್ಣತಂತು ತಂದಿತೋ (ಹೆಣ್ಣು) ವೈ ತಂದಿತೋ (ಗಂಡು) ಎಂಬುದರ ಮೇಲೆ ನಿಂತಿದೆ. (ಸೊಸೆಯನ್ನು ದೂರುವುದನ್ನು ಇನ್ನಾದರೂ ಬಿಡಿ.) ಸಹಜವಾಗಿ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡು ಹುಟ್ಟುತ್ತವೆ. ಹಿಂದಿನ ಮೂರು ಹೆರಿಗೆಗಳ ಲೆಕ್ಕವನ್ನು ನಾಲ್ಕನೆಯದಕ್ಕೆ ದಾಟಿಸುವ ವ್ಯವಸ್ಥೆ ದೇಹದಲ್ಲಿಲ್ಲ.

"ನಾಲ್ಕೂ ಹೆಣ್ಣಾಗುವುದು 16ರಲ್ಲಿ ಒಂದು ಮನೆಯಲ್ಲಿ ಮಾತ್ರ, ಅಲ್ಲವೇ?" ಹೌದು, ಮೊದಲ ಮಗುವಿಗೂ ಮುಂಚೆ ಕೇಳಿದರೆ. ಸುಲಭಕ್ಕೆ ಅರ್ಧಕ್ಕರ್ಧ ಎಂದಿಟ್ಟುಕೊಳ್ಳೋಣ. ನಾಲ್ಕು ಮಕ್ಕಳಿರುವ 1,600 ಮನೆಗಳಲ್ಲಿ ಮೊದಲ ಮೂರೂ ಹೆಣ್ಣಾಗಿರುವುದು ಸುಮಾರು 200ರಲ್ಲಿ. ನೀವು ಈಗ ಇರುವುದು ಈ 200ರ ಗುಂಪಿನಲ್ಲಿ. ಅದರಲ್ಲಿ 100 ಮನೆಗೆ ನಾಲ್ಕನೆಯದು ಗಂಡು, 100ಕ್ಕೆ ಹೆಣ್ಣು. ಉಳಿದ 1,400 ಮನೆಗಳು ನಿಮ್ಮ ಲೆಕ್ಕದಿಂದ ಆಗಲೇ ಹೊರಗೆ ಹೋಗಿವೆ.

ಆದರೂ "ಕೊನೆಗೆ ಎಲ್ಲ ಸರಿದೂಗಲೇಬೇಕು" ಎನ್ನುವವರು ಬಿಡುವುದಿಲ್ಲ. ಸಲಗಳು ಹೆಚ್ಚಿದಷ್ಟೂ ಶೇಕಡಾ ಪ್ರಮಾಣ ನಿಜವಾದ ಸಾಧ್ಯತೆಗೆ ಹತ್ತಿರವಾಗುತ್ತದೆ ಎಂಬ, 1713ರಲ್ಲಿ ಅಚ್ಚಾದ ಗಣಿತಜ್ಞ ಬರ್ನೌಲಿಯ ನಿಯಮವನ್ನು ಇವರು ತಪ್ಪಾಗಿ ಓದುತ್ತಾರೆ. ನಾಣ್ಯ ಹತ್ತು ಸಲ ಚಿಮ್ಮಿದಾಗ ಎಂಟು ಸಲ ಹೆಡ್ ಬಿತ್ತೆನ್ನಿ. ಮುಂದಿನ 990ರಲ್ಲಿ ನಿರೀಕ್ಷೆ 495 ಹೆಡ್, 495 ಟೇಲ್. ಒಟ್ಟು 503, 497. ಆರರ ಅಂತರ ಹಾಗೇ ಉಳಿಯಿತು, ಶೇಕಡ 80 ಮಾತ್ರ 50.3ಕ್ಕೆ ಇಳಿಯಿತು. ಹಳೆಯದನ್ನು ಯಾರೂ ತೀರಿಸಲಿಲ್ಲ. ಹೊಸದರ ರಾಶಿಯಲ್ಲಿ ಅದು ಮುಳುಗಿತು, ಅಷ್ಟೆ.

ಹೀಗೆ ಸರಿದೂಗಲೇಬೇಕೆಂದು ನಂಬುವುದಕ್ಕೆ ಜೂಜುಗಾರನ ಭ್ರಮೆ ಎಂದು ಹೆಸರು. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಜೂಜುಮನೆಯಲ್ಲಿ ರೂಲೆಟ್ (ಕೆಂಪು-ಕಪ್ಪು ಮನೆಗಳ ತಿರುಗುಚಕ್ರದ ಜೂಜು) ಚೆಂಡು ಸತತ 26 ಸಲ ಕಪ್ಪಿಗೇ ಬಿತ್ತು. "ಇನ್ನು ಕೆಂಪೇ" ಎಂದು ಹಣ ಕಟ್ಟುತ್ತಾ ಹೋದವರು ಬರಿಗೈಯಾದರು. ಅದಕ್ಕೂ ಮುಂಚೆ, 1814ರಲ್ಲೇ, ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ನಿಮ್ಮ ಪ್ರಶ್ನೆಯಂಥದ್ದನ್ನೇ ದಾಖಲಿಸಿದ್ದ: ಮಗನಿಗಾಗಿ ಹಂಬಲಿಸುವ ಗಂಡಸರು ತಾವು ತಂದೆಯಾಗಬೇಕಾದ ತಿಂಗಳಲ್ಲಿ ಬೇರೆಯವರಿಗೆ ಗಂಡುಮಕ್ಕಳಾದ ಸುದ್ದಿ ಕೇಳಿದರೆ, ಇನ್ನು ತಮಗೆ ಹೆಣ್ಣೇ ಎಂದು ಕಳವಳಪಡುತ್ತಿದ್ದರಂತೆ! ಮನಶ್ಶಾಸ್ತ್ರಜ್ಞರಾದ ಟ್ವರ್ಸ್ಕಿ ಮತ್ತು ಕಾಹ್ನೆಮನ್ 1971ರಲ್ಲಿ ಇದರ ಕಾರಣವನ್ನು ವಿವರಿಸಿದರು: ದೊಡ್ಡ ಸಂಖ್ಯೆಯಲ್ಲಿ ಕಾಣುವ ಸಮತೋಲವನ್ನು ನಮ್ಮ ಮನಸ್ಸು ನಾಲ್ಕೈದರಲ್ಲೇ ಹುಡುಕುತ್ತದೆ. ಹೆಣ್ಣು-ಗಂಡು-ಹೆಣ್ಣು-ಗಂಡು ಎಂಬ ಸಾಲು ಸಹಜವಾಗಿ ಕಾಣುತ್ತದೆ, ನಾಲ್ಕು ಹೆಣ್ಣಿನ ಸಾಲು ವಿಚಿತ್ರವಾಗಿ. ಎರಡರ ಸಾಧ್ಯತೆಯೂ 16ರಲ್ಲಿ ಒಂದೇ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಇನ್ನೊಂದನ್ನೂ ಹೇಳಬೇಕು. ಗಂಡು ಹುಟ್ಟುವ ತನಕ ಹೆರುತ್ತಲೇ ಹೋದರೆ ಊರಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚುತ್ತದೆಯೇ? ಇಲ್ಲ. 1,600 ಮನೆಗಳ ಮೊದಲ ಸುತ್ತಿನಲ್ಲಿ 800 ಗಂಡು, 800 ಹೆಣ್ಣು. ಹೆಣ್ಣಾದ 800 ಮನೆಗಳ ಎರಡನೆಯ ಸುತ್ತಿನಲ್ಲಿ 400, 400. ಪ್ರತಿ ಸುತ್ತೂ ಸಮ. ಅನುಪಾತ ಕೆಡುವುದು ಭ್ರೂಣಲಿಂಗ ಪತ್ತೆ ಮಾಡಿಸಿ ಹೆಣ್ಣನ್ನು ತೆಗೆಸುವುದರಿಂದ (1994ರ ಕಾಯ್ದೆ ಈ ಪತ್ತೆಯನ್ನು ನಿಷೇಧಿಸಿದೆ) ಮತ್ತು ಹುಟ್ಟಿದ ಹೆಣ್ಣನ್ನು ಕಡೆಗಣಿಸುವುದರಿಂದ. ಆದರೆ ಮಗನಿಗಾಗಿ ಕಾಯುವ ಈ ರೂಢಿಯ ಭಾರ ಮಾತ್ರ ಹೆಣ್ಣುಮಕ್ಕಳ ಮೇಲೆಯೇ ಬೀಳುತ್ತದೆ: ಅವರೇ ಹೆಚ್ಚು ಮಕ್ಕಳಿರುವ ಮನೆಗಳಲ್ಲಿ ಬೆಳೆಯುತ್ತಾರೆ, ಅಲ್ಲಿ ಹಾಲು, ಶಾಲೆಯ ಫೀಸು, ತಾಯಿಯ ಆರೈಕೆ ಎಲ್ಲವೂ ಹೆಚ್ಚು ಮಂದಿಗೆ ಹಂಚಿಹೋಗುತ್ತವೆ.