ಮಾಂಟ್ಗೊಮರಿಯ 381 ದಿನಗಳು: ಮಾರ್ಟಿನ್ ಲೂಥರ್ ಕಿಂಗ್ ಕುರಿತು ಒಂದು ಟಿಪ್ಪಣಿ

ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಕಿಂಗ್ ಬಗ್ಗೆ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಬಂದರೆ ನಾವೆಲ್ಲ ನೇರವಾಗಿ 1963ರ ವಾಷಿಂಗ್ಟನ್ ಭಾಷಣಕ್ಕೆ (‘ನನಗೊಂದು ಕನಸಿದೆ’) ಜಿಗಿಯುತ್ತೇವೆ. ನಾನೂ ಹಾಗೆ ಬರೆದು ಅಂಕ ಕಳೆದುಕೊಂಡವನೇ. ಅದಕ್ಕಿಂತ ಎಂಟು ವರ್ಷ ಹಿಂದೆ ಮಾಂಟ್ಗೊಮರಿಯಲ್ಲಿ ಕಪ್ಪು ಜನ ಶುರುಮಾಡಿದ ಬಸ್ ಬಹಿಷ್ಕಾರ ಅರ್ಥವಾದರೆ ಉಳಿದದ್ದು ಸುಲಭ. ಹಾಗಾಗಿ ಈ ಟಿಪ್ಪಣಿಯ ಬಹುಪಾಲು ಅದಕ್ಕೇ ಮೀಸಲು.

ಹಿನ್ನೆಲೆ ಇಷ್ಟು ಸಾಕು: ಜನನ 1929ರ ಜನವರಿ 15, ಅಟ್ಲಾಂಟಾ. ತಂದೆಯೂ ತಾಯಿಯ ತಂದೆಯೂ ಬ್ಯಾಪ್ಟಿಸ್ಟ್ ಪಾದ್ರಿಗಳು. 1954ರಲ್ಲಿ ಅಲಬಾಮಾದ ಮಾಂಟ್ಗೊಮರಿಯ ಡೆಕ್ಸ್ಟರ್ ಅವೆನ್ಯೂ ಚರ್ಚಿಗೆ ಪಾದ್ರಿಯಾಗಿ ಬಂದರು. ಮರುವರ್ಷ ಬಾಸ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಆ ಊರಿನ ಬಸ್ಸುಗಳಲ್ಲಿ ಮುಂದಿನ ಹತ್ತು ಸೀಟು ಬಿಳಿಯರಿಗೆ. ಕಪ್ಪು ಜನ ಎಷ್ಟೋ ಸಲ ಮುಂದೆ ಹತ್ತಿ ಹಣ ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿನಿಂದ ಮತ್ತೆ ಹತ್ತಬೇಕಿತ್ತು. ಅಷ್ಟರಲ್ಲಿ ಬಸ್ಸು ಹೊರಟುಬಿಡುವುದೂ ಇತ್ತು. ಆದರೆ ಪ್ರಯಾಣಿಕರಲ್ಲಿ ಸುಮಾರು ಮುಕ್ಕಾಲು ಪಾಲು ಅವರೇ! ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರವೆಂದರೆ ಬಲಾಢ್ಯರು ಬಡವರ ಮೇಲೆ ಹಾಕುವ ಶಿಕ್ಷೆ. ಇಲ್ಲಿ ಅದು ತಿರುಗುಮುರುಗಾಯಿತು.

1955ರ ಡಿಸೆಂಬರ್ 1ರಂದು ಬಿಳಿಯರಿಗೆ ಸೀಟು ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಅವರ ಬಂಧನವಾಯಿತು. ಆ ರಾತ್ರಿ ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ನಿದ್ದೆಗೆಟ್ಟು, ಬಸ್ ಹತ್ತಬೇಡಿ ಎಂಬ ಕರಪತ್ರದ ಸಾವಿರಾರು ಪ್ರತಿ ತೆಗೆದರು. ಡಿಸೆಂಬರ್ 5ರ ಸೋಮವಾರ ಬಸ್ಸುಗಳು ಖಾಲಿ ಓಡಿದವು. ಬಹಿಷ್ಕಾರ ನಡೆಸಲು ಅಂದೇ ಹುಟ್ಟಿದ ಸಂಘಟನೆಗೆ 26ರ ಹರೆಯದ ಕಿಂಗ್ ಅಧ್ಯಕ್ಷರಾದರು. ಹೊಸಬರಾದ್ದರಿಂದ ಅವರಿಗೆ ಊರಿನಲ್ಲಿ ಬಣವೂ ಇರಲಿಲ್ಲ, ಹಳೆಯ ಹಗೆಯೂ ಇರಲಿಲ್ಲ. ಅಂದರೆ ಚಳವಳಿಯನ್ನು ಕಿಂಗ್ ಹುಟ್ಟುಹಾಕಲಿಲ್ಲ, ಚಳವಳಿಯೇ ಅವರನ್ನು ಆರಿಸಿಕೊಂಡಿತು. ಉತ್ತರದಲ್ಲಿ ಇದನ್ನು ಬರೆಯದೆ ಬಿಡಬೇಡಿ.

ಇನ್ನೊಂದು ಅಂಶ ಮೊದಲ ಸಲ ಓದಿದಾಗ ನನಗೆ ನಂಬಲಾಗಲಿಲ್ಲ. ಬಹಿಷ್ಕಾರ ಹೂಡಿದವರ ಮೊದಲ ಬೇಡಿಕೆಗಳಲ್ಲಿ ಪ್ರತ್ಯೇಕತೆಯ (ಬಣ್ಣ ನೋಡಿ ಬೇರೆ ಬೇರೆ ಕೂರಿಸುವ ಪದ್ಧತಿಯ) ರದ್ದತಿಯೇ ಇರಲಿಲ್ಲ. ಚಾಲಕರು ಮರ್ಯಾದೆಯಿಂದ ಮಾತನಾಡಲಿ. ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ ಬಂದ ಸರದಿಯಲ್ಲಿ ಕೂರಲಿ. ಕಪ್ಪು ಜನರೇ ಹೆಚ್ಚಿರುವ ಮಾರ್ಗಗಳಲ್ಲಿ ಕಪ್ಪು ಚಾಲಕರಿರಲಿ. ಇಷ್ಟಕ್ಕೂ ನಗರಾಡಳಿತ ಒಪ್ಪಲಿಲ್ಲ. ಅದರ ಹಟವೇ ಸಣ್ಣ ಕೇಳಿಕೆಯನ್ನು ದೊಡ್ಡ ಮೊಕದ್ದಮೆಯಾಗಿಸಿತು.

ಜನ ನಡೆದರು. ಟ್ಯಾಕ್ಸಿಯವರು ಬಸ್ಸಿನ ದರವಾದ ಹತ್ತು ಸೆಂಟ್‌ಗೇ ಕರೆದೊಯ್ದರು. ಅಧಿಕಾರಿಗಳು ಕನಿಷ್ಠ ದರದ ನಿಯಮ ಹಿಡಿದು ಅದನ್ನು ತಡೆದಾಗ ಸುಮಾರು 300 ಖಾಸಗಿ ಕಾರುಗಳ ಸರದಿ ಏರ್ಪಟ್ಟಿತು. ಕಾರುಗಳ ವಿಮೆ ರದ್ದಾದಾಗ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ದೊರಕಿಸಿಕೊಂಡರು. 1956ರ ಜನವರಿ 30ರಂದು ಕಿಂಗ್ ಮನೆಗೆ ಬಾಂಬ್ ಬಿತ್ತು. ಹೆಂಡತಿ, ಹಸುಗೂಸು ಒಳಗಿದ್ದರು, ಇಬ್ಬರೂ ಪಾರಾದರು. ಸಿಟ್ಟಿನಿಂದ ನೆರೆದವರನ್ನು ಕಿಂಗ್ ಸಮಾಧಾನಪಡಿಸಿ ಮನೆಗೆ ಕಳುಹಿಸಿದರು.

ಎರಡು ದಿನದ ಬಳಿಕ ವಕೀಲ ಫ್ರೆಡ್ ಗ್ರೇ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಇದೇ ಬ್ರೌಡರ್ ವಿರುದ್ಧ ಗೇಲ್. ಪಾರ್ಕ್ಸ್ ಇದರಲ್ಲಿ ವಾದಿಯಲ್ಲ. ಅವರಿಗಿಂತ ಒಂಬತ್ತು ತಿಂಗಳು ಮೊದಲೇ, 15ನೇ ವಯಸ್ಸಿನಲ್ಲಿ, ಸೀಟು ಬಿಡದೆ ಬಂಧನಕ್ಕೊಳಗಾಗಿದ್ದ ಕ್ಲಾಡೆಟ್ ಕಾಲ್ವಿನ್ ವಾದಿಗಳಲ್ಲಿ ಒಬ್ಬಳು. ನವೆಂಬರ್ 13ರಂದು ಸುಪ್ರೀಂ ಕೋರ್ಟ್, ಬಸ್ಸಿನಲ್ಲಿ ಪ್ರತ್ಯೇಕತೆ ಸಂವಿಧಾನಬಾಹಿರ ಎಂಬ ಕೆಳ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. 381 ದಿನಗಳ ಬಹಿಷ್ಕಾರ ಮುಗಿದು, ಡಿಸೆಂಬರ್ 21ರಂದು ಕಿಂಗ್ ಬಸ್ಸಿನ ಮುಂಭಾಗದಲ್ಲಿ ಕುಳಿತರು. ಬಹಿಷ್ಕಾರದಿಂದಲೇ ಕಾನೂನು ಬಿದ್ದಿತೆಂದು ಬರೆದರೂ ತಪ್ಪು, ತೀರ್ಪೊಂದೇ ಕಾರಣ ಎಂದರೂ ತಪ್ಪು. ತೀರ್ಪು ಬರುವವರೆಗೆ ಊರನ್ನು ಒಟ್ಟಾಗಿ ಹಿಡಿದಿಟ್ಟದ್ದು ಆ ನಡಿಗೆ.

ಮುಂದಿನವು ನೆನಪಿಗೆ: 1959ರಲ್ಲಿ ಭಾರತ ಪ್ರವಾಸ, 1963ರಲ್ಲಿ ಬರ್ಮಿಂಗ್‌ಹ್ಯಾಮ್ ಚಳವಳಿ, 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು ನೊಬೆಲ್ ಶಾಂತಿ ಪ್ರಶಸ್ತಿ, 1965ರಲ್ಲಿ ಅಲಬಾಮಾದ ಸೆಲ್ಮಾದಿಂದ ಹೊರಟ ಮತಹಕ್ಕಿನ ಮೆರವಣಿಗೆ ಮತ್ತು ಮತದಾನ ಹಕ್ಕಿನ ಕಾಯ್ದೆ. 1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಗುಂಡೇಟಿಗೆ ಬಲಿಯಾದಾಗ ಅವರಿಗೆ 39 ವರ್ಷ. ಅಲ್ಲಿಗೆ ಹೋಗಿದ್ದು ಮುಷ್ಕರ ಹೂಡಿದ್ದ ಪೌರಕಾರ್ಮಿಕರ ಜೊತೆ ನಿಲ್ಲಲು. ಆ ಕಾರ್ಮಿಕರ ಇಬ್ಬರು ಸಂಗಡಿಗರು ಆ ಫೆಬ್ರವರಿಯಲ್ಲಿ ಕಸದ ಲಾರಿಯ ಯಂತ್ರಕ್ಕೆ ಸಿಲುಕಿ ಸತ್ತಿದ್ದರು.